ಹೊಟ್ಟೆನೋವು ನಿಂತರೆ ಹುಣ್ಣು ಮಾಯಿತೆ?

ಸಂಪಾದಕರ ಉತ್ತರ

(ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ: ಅಣ್ಣನ ಮಗನಿಗೆ 24 ವರ್ಷ. ಬಲ ಕಿಬ್ಬೊಟ್ಟೆಯಲ್ಲಿ ನೋವು, ಭೇದಿ, ಆಗಾಗ ರಕ್ತ, ತೂಕ ಇಳಿಕೆ. ಅಮೀಬಾ ಎಂದು ಮೊದಲು ಮೆಟ್ರೊನಿಡಜೋಲ್ ಆಯಿತು, ಆಮೇಲೆ ಕರುಳಿನ ಟಿ.ಬಿ. ಎಂದು ಐದು ತಿಂಗಳ ಮಾತ್ರೆ. ಈಗ ಮೈಸೂರಿನ ವೈದ್ಯರು ಕರುಳಿನಲ್ಲಿ ದೀರ್ಘಕಾಲ ಉರಿಯೂತ, ಹುಣ್ಣು ಮಾಡುವ ಕ್ರೋನ್ಸ್ ಕಾಯಿಲೆ ಇರಬಹುದು, ಮತ್ತೆ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಕೊಲೊನೋಸ್ಕೋಪಿ ಮಾಡಿಸಿ ಎನ್ನುತ್ತಿದ್ದಾರೆ. “ಹುಡುಗ ಹಾಯಾಗಿದ್ದಾನೆ. ಹಂದಿಮಾಂಸದ ಪಂದಿಕರಿ, ಅದಕ್ಕೆ ಹಾಕುವ ಹುಳಿ ಕಾಚಂಪುಳಿ ಬಿಡಿಸಿ ಮಜ್ಜಿಗೆ ಅನ್ನ ಕೊಟ್ಟರೆ ಸಾಲದೆ? ಸಂಶೋಧನೆ ಎಂದ ಕೂಡಲೇ ನಿಮ್ಮ ಪತ್ರಿಕೆ ಪರೀಕ್ಷೆಗಳನ್ನು ಹೊಗಳುವುದೇಕೆ?”)

ಯಾವ ಮಾತ್ರೆ, ಎಷ್ಟು ದಿನ ಎಂದು ತಾರೀಖು ಸಮೇತ ಬರೆದಿದ್ದೀರಿ. ಎಷ್ಟೋ ಡಿಸ್ಚಾರ್ಜ್ ಸಮರಿಗಳಿಗಿಂತ ನಿಮ್ಮ ಪತ್ರ ವಾಸಿ. ಇಷ್ಟು ಜಾಗ್ರತೆ ಇರುವ ನೀವೇ ‘ಹಾಯಾಗಿದ್ದಾನೆ’ ಎಂಬ ಒಂದು ಮಾತಿಗೆ ಎಲ್ಲವನ್ನೂ ಕಟ್ಟಿಹಾಕಿದ್ದು ಮಾತ್ರ ಸರಿಯಲ್ಲ.

ಊಟದ ವಿಷಯದಲ್ಲಿ ನಿಮ್ಮದು ಪೂರ್ತಿ ತಪ್ಪಲ್ಲ. ಮಕ್ಕಳ ಕ್ರೋನ್ಸ್‌ಗೆ ಆರರಿಂದ ಎಂಟು ವಾರ ಬರೀ ದ್ರವರೂಪದ ಪೌಷ್ಟಿಕ ಆಹಾರ ಕೊಡುವುದು ಒಪ್ಪಿತ ಚಿಕಿತ್ಸೆಯೇ. ಕರುಳು ಕಿರಿದಾದವರು ಬೈಂಬಳೆಯಂಥ (ಕಳಲೆ, ಎಳೆ ಬಿದಿರು) ನಾರಿನ ಪದಾರ್ಥ ಬಿಡಬೇಕು, ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಕಾಚಂಪುಳಿಯಿಂದ ಕ್ರೋನ್ಸ್ ಬರುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ತೂಕ ಇಳಿದ ಹುಡುಗನ ತಟ್ಟೆಯಿಂದ ಮಾಂಸ ತೆಗೆದು ಮಜ್ಜಿಗೆ ಅನ್ನ ಇಟ್ಟರೆ ಪ್ರೋಟೀನ್ ಎಲ್ಲಿಂದ ಬರಬೇಕು?

ಇನ್ನು ಟಿ.ಬಿ. ಮಾತ್ರೆ. ಟಿ.ಬಿ.ಯಾಗಲಿ ಕ್ರೋನ್ಸ್ ಆಗಲಿ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಮೂಲೆಯಲ್ಲೇ ಹೆಚ್ಚಾಗಿ ಹುಣ್ಣು ಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಜೊತೆಗಾರರು ಇದನ್ನು ಬೇರೆಯೇ ಕಾಯಿಲೆ ಎಂದು ವಿವರಿಸುವ ತನಕ ಇಂಥ ಎಷ್ಟೋ ಕೇಸುಗಳು ಟಿ.ಬಿ. ಲೆಕ್ಕಕ್ಕೇ ಹೋಗುತ್ತಿದ್ದವು. ಹಾಗಾಗಿ ಟಿ.ಬಿ. ಹೆಚ್ಚಿರುವ ನಮ್ಮ ದೇಶದಲ್ಲಿ ಅನುಮಾನ ಉಳಿದಾಗ ಟಿ.ಬಿ. ಮಾತ್ರೆ ಕೊಟ್ಟು ನೋಡುವುದು ತಪ್ಪಲ್ಲ. ಎರಡು ಮೂರು ತಿಂಗಳಿಗೆ ಮತ್ತೆ ಸ್ಕೋಪ್ ಹಾಕಿ ನೋಡದೆ ಹೋದದ್ದು ತಪ್ಪು. ಟಿ.ಬಿ.ಯೇ ಆಗಿದ್ದರೆ ಅಷ್ಟರಲ್ಲಿ ಹುಣ್ಣು ಮಾಯುತ್ತಾ ಬಂದಿರುತ್ತದೆ. ಕ್ರೋನ್ಸ್ ಇದ್ದವರಲ್ಲೂ ಹಲವರಿಗೆ ಆ ಮಾತ್ರೆಯಲ್ಲಿ ನೋವು ತಗ್ಗುತ್ತದೆ, ಹುಣ್ಣು ಮಾತ್ರ ಇದ್ದಲ್ಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡ. ಹಾಯಾಗಿದ್ದ ತಿಂಗಳುಗಳಲ್ಲೇ ಕರುಳು ಗಾಯದ ಕಲೆ ಕಟ್ಟಿ ಕಿರಿದಾಗುತ್ತಾ ಹೋಗುತ್ತದೆ.

ಸ್ಕೋಪ್‌ಗೆ ಮೊದಲು ವೈದ್ಯರ ಹತ್ತಿರ ಒಂದು ಮಾತು ಕೇಳಿ. ಹುಣ್ಣಿನ ಅಂಚು ಮತ್ತು ತಳದಿಂದ ಆರೆಂಟು ಚೂರು ತೆಗೆಯುತ್ತಾರೆ. ಎಲ್ಲವನ್ನೂ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಟಿ.ಬಿ. ಬ್ಯಾಕ್ಟೀರಿಯಾ ಅಲ್ಲೇ ಸತ್ತುಹೋಗುತ್ತದೆ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿನಲ್ಲಿ ಆರು ವಾರ ಕಾದರೂ ಏನೂ ಬೆಳೆಯುವುದಿಲ್ಲ. ಒಂದೆರಡು ಚೂರು ಸಲೈನಿನಲ್ಲಿ ಬೇರೆಯಾಗಿ ಹೋಗಬೇಕು. ಟಿ.ಬಿ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಟಿ.ಬಿ. ಇಲ್ಲ ಎಂದಾಗಲಿಲ್ಲ. ಕರುಳಿನ ಚೂರಿನಲ್ಲಿ ಬ್ಯಾಕ್ಟೀರಿಯಾ ಅಷ್ಟು ಕಡಿಮೆ.

ಹಾಗೆಂದು ಪ್ರತಿಸಲವೂ ಸ್ಕೋಪ್ ಬೇಕಿಲ್ಲ. ರೋಗ ಖಚಿತವಾದ ಮೇಲೆ ನಿಗಾ ಇಡಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ. ಉರಿಯೂತವಿದ್ದಾಗ ಕರುಳಿಗೆ ನುಗ್ಗುವ ಬಿಳಿ ರಕ್ತಕಣಗಳ ಪ್ರೋಟೀನ್ ಅದು. ಗ್ರಾಮಿಗೆ 50 ಮೈಕ್ರೊಗ್ರಾಮಿಗಿಂತ ಕಡಿಮೆ ಇದ್ದರೆ ನೆಮ್ಮದಿ, 250 ದಾಟಿದರೆ ಒಳಗೆ ಉರಿಯೂತ ನಡೆದಿದೆ ಎಂದು ಅನುಮಾನಿಸಬೇಕು, ನಡುವಿನದನ್ನು ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಬೆಳಗಿನ ಮೊದಲ ಮಲವಾದರೆ ಒಳ್ಳೆಯದು. ಕಾಫಿ ಕುಯ್ಲಿನಲ್ಲಿ ಸೊಂಟನೋವಿಗೆ ನುಂಗುವ ಡೈಕ್ಲೊಫೆನಾಕ್ ಮಾತ್ರೆ ಈ ಅಂಕಿಯನ್ನು ಏರಿಸುತ್ತದೆ, ಕಾಯಿಲೆಯನ್ನೂ ಕೆರಳಿಸಬಹುದು. ಅಮೀಬಾ, ಟಿ.ಬಿ. ಇದ್ದರೂ ಅಂಕಿ ಏರುತ್ತದೆ, ಹಾಗಾಗಿ ಯಾವ ಕಾಯಿಲೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಮಲದ ಡಬ್ಬಿ ಎರಡು ಮೂರು ದಿನ ಕೆಡದೆ ಇರುವುದರಿಂದ ಜುಲೈ ಮಳೆಯಲ್ಲಿ ರೋಗಿಯೇ ಸಂಪಾಜೆ ಘಾಟಿ ಇಳಿಯಬೇಕಿಲ್ಲ, ಡಬ್ಬಿ ಇಳಿದರೆ ಸಾಕು. ಜೊತೆಗೆ ಅಲ್ಟ್ರಾಸೌಂಡಿನಲ್ಲಿ ಕರುಳಿನ ಗೋಡೆಯ ದಪ್ಪ ನೋಡುವ ಕ್ರಮವೂ ಬೆಳೆಯುತ್ತಿದೆ. 3 ಮಿಲಿಮೀಟರ್ ಮೀರಿದರೆ ಗಮನಿಸಬೇಕು.

ಪರೀಕ್ಷೆಗಳನ್ನೇ ಹೊಗಳುತ್ತೇವೆ ಎಂದಿರಿ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೊಫೈಲ್ ಅಧ್ಯಯನ ನೋಡಿ. ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಜನ. ಯಾರಿಗೆ ಜೋರು ಮದ್ದು ಬೇಕೆಂದು ಮೊದಲೇ ಹೇಳಬೇಕಿದ್ದ ರಕ್ತಪರೀಕ್ಷೆ ಅದರಲ್ಲಿ ಕೆಲಸಕ್ಕೇ ಬರಲಿಲ್ಲ. ಕೆಲಸಕ್ಕೆ ಬಂದದ್ದು ತಡಮಾಡದ ಚಿಕಿತ್ಸೆ. ಶುರುವಿನಲ್ಲೇ ಉರಿಯೂತ ತಗ್ಗಿಸುವ ಡ್ರಿಪ್ ಮದ್ದು ಇನ್‌ಫ್ಲಿಕ್ಸಿಮ್ಯಾಬ್ ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಮದ್ದು ಪಡೆದವರಲ್ಲಿ ಶೇ 79 ಮಂದಿ ಸ್ಟೀರಾಯ್ಡ್, ಶಸ್ತ್ರಚಿಕಿತ್ಸೆ ಎರಡೂ ಇಲ್ಲದೆ 48 ವಾರ ಹತೋಟಿಯಲ್ಲಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಮದ್ದು ಏರಿಸಿದವರಲ್ಲಿ ಶೇ 15 ಮಾತ್ರ. ಕಾದು ನೋಡೋಣ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳಲಿ.

ಸಿಟ್ಟು ಬರುವುದು ನಿಮ್ಮ ಮೇಲಲ್ಲ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ಉಂಡು ಮರುದಿನ ಮೂತ್ರ ಕೆಂಪಾಯಿತು ಎಂದು ಊರೆಲ್ಲ ನಗುತ್ತಾ ಹೇಳಿಕೊಳ್ಳುವ ಜನ ನಾವು. ಮಲದಲ್ಲಿ ರಕ್ತ ಕಂಡರೆ ಮಾತ್ರ ಹೆಂಡತಿಗೂ ಹೇಳುವುದಿಲ್ಲ, ಮೆಡಿಕಲ್ ಶಾಪಿನಲ್ಲಿ ತಗ್ಗಿದ ದನಿಯಲ್ಲಿ ಪೈಲ್ಸ್ ಮಾತ್ರೆ ಕೇಳುತ್ತೇವೆ. ಹೇಳಿಕೊಂಡರೂ ‘ಉಷ್ಣ’ ಎಂದು ಎಳನೀರು ಕೊಡುತ್ತಾರೆ. ಕೊನೆಗೆ ಕರುಳಿನ ತಜ್ಞರನ್ನು ಹುಡುಕಿಕೊಂಡು ಮೈಸೂರಿಗೋ ಮಂಗಳೂರಿಗೋ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು, ಅದೂ ಶೌಚಾಲಯವಿಲ್ಲದ ಬಸ್ಸಿನಲ್ಲಿ. ದಿನಕ್ಕೆ ಎಂಟು ಸಲ ಓಡುವವನಿಗೆ ಆ ಪ್ರಯಾಣ ಏನೆಂದು ವೇಳಾಪಟ್ಟಿ ಬರೆಯುವವರಿಗೆ ಗೊತ್ತಿರಲಿಕ್ಕಿಲ್ಲ.

ಕ್ರೋನ್ಸ್ ಎಂದೇ ತೀರ್ಮಾನವಾಗಿ ಇನ್‌ಫ್ಲಿಕ್ಸಿಮ್ಯಾಬ್ ಹೇಳಿದರೆ, ಕೆ.ಜಿ.ಗೆ 5 ಮಿ.ಗ್ರಾಂ.ನಂತೆ ಮೊದಲ ದಿನ, 2ನೇ ವಾರ, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ ಡ್ರಿಪ್. ಅದಕ್ಕೆ ಮುನ್ನ ಎದೆಯ ಎಕ್ಸ್‌ರೇ, ಅಡಗಿರುವ ಟಿ.ಬಿ.ಗೆ ಚರ್ಮದ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೊಪ್ರಿನ್ ಮಾತ್ರೆ ಬರೆದರೆ ಎನ್‌ಯುಡಿಟಿ15 ಜೀನ್ ಪರೀಕ್ಷೆ ಕೇಳಿ. ಆ ಜೀನಿನ ದೋಷ ಏಷ್ಯಾದವರಲ್ಲಿ ಅಪರೂಪವಲ್ಲ, ಇದ್ದವರಿಗೆ ಬಿಳಿ ರಕ್ತಕಣ ದಿಢೀರನೆ ಕುಸಿಯುತ್ತದೆ. ಹಳೆಯ ಬಯಾಪ್ಸಿಯ (ಕರುಳಿನ ಚೂರಿನ ಪರೀಕ್ಷೆಯ) ರಿಪೋರ್ಟ್ ಒಂದನ್ನೇ ಹಿಡಿದು ಹೋಗಬೇಡಿ. ಮೊದಲು ಪರೀಕ್ಷಿಸಿದ ಲ್ಯಾಬಿನಿಂದ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಇನ್ನೊಬ್ಬ ಪೆಥಾಲಜಿಸ್ಟ್ ಹೊಸದಾಗಿ ಕೊಯ್ದು ನೋಡಬಹುದು.

– ಸಂ.