ಜಾಝ್‌ನಲ್ಲಿ ತಂಬೂರಿ ಎಲ್ಲಿದೆ?

ಪ್ರಶ್ನೆ: ಚಿಕ್ಕಂದಿನಿಂದ ಹಿಂದೂಸ್ತಾನಿ ಕೇಳಿಕೊಂಡೇ ಬೆಳೆದವನು ನಾನು. ನೀವು ಹಿಂದೊಮ್ಮೆ ಹೊಗಳಿದ್ದಿರೆಂದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೇಳಿದೆ. ಇಂಪಾಗಿದೆ, ಆದರೆ ಕಾಲೂರಲು ನೆಲವೇ ಸಿಗಲಿಲ್ಲ. ಎಲ್ಲಿಂದ ಹಿಡಿಯಬೇಕು? ನೀವೀಗ ಯಾವ ಹಳೆಯ ರೆಕಾರ್ಡಿಂಗ್ ಕೇಳುತ್ತಿದ್ದೀರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನೆಲ ಸಿಗದಿರಲು ನಿಮ್ಮ ಮೊಬೈಲೂ ಒಂದು ಕಾರಣ. ಜಾಝ್‌ನಲ್ಲಿ ನೆಲ ಹಾಕುವುದು ಡಬಲ್ ಬಾಸ್, ನಿಂತುಕೊಂಡು ನುಡಿಸುವ ಆಳೆತ್ತರದ ತಂತಿವಾದ್ಯ. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲವಷ್ಟೇ ಕಂಪಿಸುತ್ತದೆ. ಬೆರಳಗಲದ ಸ್ಪೀಕರಿನಿಂದ ಆ ನಾದ ಹೊರಡುವುದೇ ಇಲ್ಲ. ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ. ಈ ಸಲ ಟ್ರಂಪೆಟ್ಟನ್ನೂ ಸ್ಯಾಕ್ಸೊಫೋನನ್ನೂ ಅವುಗಳ ಪಾಡಿಗೆ ಬಿಟ್ಟು ಪಾಲ್ ಚೇಂಬರ್ಸರ ಬಾಸ್ ಹಿಂದೆ ಮಾತ್ರ ಹೋಗಿ.

ಎರಡನೆಯ ಕಾರಣ ನಿಮ್ಮ ಕಿವಿಯ ಸಂಸ್ಕಾರ. ಅದು ತಂಬೂರಿ ಹುಡುಕುತ್ತದೆ; ಇಲ್ಲಿ ಷಡ್ಜ ಒಂದೇ ಕಡೆ ಕೂರುವುದಿಲ್ಲ. ಮೊದಲ ರಚನೆ ‘ಸೋ ವಾಟ್’ನಲ್ಲಿ ಬಾಸ್ ಒಂದು ಮಾತು ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ನಿಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಮೊದಲ 16 ಬಾರ್‌ಗಳಿಗೆ (ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ತುಂಡು) ‘ಬಿಳಿ ಎರಡು’, ಅಂದರೆ ಎರಡನೆಯ ಬಿಳಿ ಮನೆ, ಷಡ್ಜ. ಸ್ವರಗಳು ಗ, ನಿ ಎರಡೂ ಕೋಮಲವಾದ ಕಾಫಿ ಥಾಟಿನವು. ಆಮೇಲಿನ 8 ಬಾರ್ ಇಡೀ ಸ್ವರಸಮೂಹವೇ ಅದರ ಪಕ್ಕದ ‘ಕಪ್ಪು ಎರಡು’ ಮನೆಗೆ ಏರುತ್ತದೆ, ಕೊನೆಯ 8ಕ್ಕೆ ಮತ್ತೆ ಇಳಿಯುತ್ತದೆ. ಹೀಗೆ 32 ಬಾರ್‌ಗಳ ಒಂದು ಸುತ್ತು. ಒಬ್ಬೊಬ್ಬರ ಸೋಲೋ ನಡೆಯುವಾಗಲೂ ಈ ಸುತ್ತು ತಪ್ಪುವುದಿಲ್ಲ. ಆ ಏರಿಕೆಯನ್ನು ಒಮ್ಮೆ ಕಿವಿ ಹಿಡಿಯಿತೆಂದರೆ ಆಮೇಲೆ ನೀವು ದಾರಿ ತಪ್ಪುವುದಿಲ್ಲ. (ಇದನ್ನು ರಾಗ ಎಂದು ಮಾತ್ರ ಕರೆಯಬೇಡಿ. ವಾದಿ (ರಾಗದ ಮುಖ್ಯ ಸ್ವರ), ಪಕಡ್ (ರಾಗವನ್ನು ಗುರುತಿಸುವ ಸ್ವರಗುಚ್ಛ) ಯಾವುದೂ ಇದಕ್ಕಿಲ್ಲ.) ಹಳೆಯ ಎಲ್‌ಪಿ ಸಿಕ್ಕರೆ ನಿಮ್ಮ ಹಾರ್ಮೋನಿಯಂಗಿಂತ ಅದು ಕೊಂಚ ಏರಿದಂತೆ ಕೇಳಬಹುದು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಮುದ್ರಣವಾದಾಗ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್‌ಪಿಯ ಮೊದಲ ಬದಿ ಶ್ರುತಿಗಿಂತ ಮೇಲೆಯೇ ಉಳಿಯಿತು. ಸರಿಪಡಿಸಿದ ಆವೃತ್ತಿ ಬಂದದ್ದು 1992ರಲ್ಲಿ.

ನಾನೀಗ ಕೇಳುತ್ತಿರುವುದು ಅದೇ ತಂಡದ ಪಿಯಾನೊ ವಾದಕ ಬಿಲ್ ಇವಾನ್ಸ್ ತಮ್ಮ ಮೂವರ ಗುಂಪಿನೊಂದಿಗೆ ನುಡಿಸಿದ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’. 1961ರ ಜೂನ್ 25, ನ್ಯೂಯಾರ್ಕಿನ ನೆಲಮಾಳಿಗೆಯ ಆ ಪುಟ್ಟ ಕ್ಲಬ್ಬು. ಲೋಟಗಳ ಸದ್ದು, ಹಿಂದೆ ಕೂತವರ ಮಾತು ಎಲ್ಲವೂ ಅದರಲ್ಲಿದೆ. ಬಾಸ್ ನುಡಿಸಿದವರು ಸ್ಕಾಟ್ ಲಫಾರೊ, ವಯಸ್ಸು 25. ಚೇಂಬರ್ಸರ ಬಾಸ್ ನೆಲವಾದರೆ ಲಫಾರೊ ಅವರದು ಪಿಯಾನೊಗೆ ಸರಿಸಮನಾಗಿ ಮಾತಾಡುವ ದನಿ. ಇವಾನ್ಸ್ ಒಂದು ವಾಕ್ಯ ಮುಗಿಸುವ ಮೊದಲೇ ಎತ್ತರದ ತಂತಿಯಲ್ಲಿ ತಮ್ಮದೊಂದನ್ನು ಶುರು ಮಾಡಿರುತ್ತಾರೆ. ಡ್ರಮ್ಸ್‌ನ ಪಾಲ್ ಮೋಶಿಯನ್ ಇಬ್ಬರಿಗೂ ಜಾಗ ಬಿಟ್ಟು ಪಿಸುಗುಡುತ್ತಾರೆ. ಹನ್ನೊಂದು ದಿನ ಕಳೆದು, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಎಲ್‌ಪಿಯ ಮೊದಲ ರಚನೆಯೂ ಕೊನೆಯದೂ ಅವರವೇ: ‘ಗ್ಲೋರಿಯಾಸ್ ಸ್ಟೆಪ್’ ಮತ್ತು ‘ಜೇಡ್ ವಿಷನ್ಸ್’. ಎರಡನೆಯದನ್ನು ನನಗೆ ಒಂದೇ ಸಲ ಕೇಳಿ ಎದ್ದುಹೋಗಲು ಆಗುವುದಿಲ್ಲ.

ಪ್ರಶ್ನೆ: ನಮ್ಮವರು ಜಾಝ್ ಕಲಾವಿದರ ಜೊತೆ ನುಡಿಸಿದ, ಕೇಳಲೇಬೇಕಾದ ರೆಕಾರ್ಡ್ ಇದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡಿವೆ. ಒಂದು, 2008ರ ‘ಕಿನ್ಸ್‌ಮೆನ್’: ಕದ್ರಿ ಗೋಪಾಲನಾಥರೂ ಅಮೆರಿಕದ ರುದ್ರೇಶ್ ಮಹಂತಪ್ಪನವರೂ ಜೊತೆಯಾಗಿ ನುಡಿಸಿದ ಸ್ಯಾಕ್ಸೊಫೋನ್. ಇಬ್ಬರದೂ ಒಂದೇ ಬಗೆಯ ಸ್ಯಾಕ್ಸೊಫೋನ್, ಆಲ್ಟೊ, ಆದರೂ ಗಮಕ ಬಂದ ಕೂಡಲೇ ಕದ್ರಿಯವರನ್ನು ಗುರುತಿಸಬಹುದು. ಇನ್ನೊಂದು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಅವರೊಂದಿಗೆ 1983ರಲ್ಲಿ ಮಾಡಿದ ‘ಜ್ಯೋತಿ’. ಆರ್.ಎ. ರಮಾಮಣಿಯವರ ಹಾಡುಗಾರಿಕೆ, ಟಿ.ಎ.ಎಸ್. ಮಣಿಯವರ ಮೃದಂಗ. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ ನುಡಿಸಿದ್ದ ಮೇರಿಯಾನೊ ನಾಗಸ್ವರವನ್ನೂ ಕಲಿತವರು. ಇದರಲ್ಲಿ ಅವರು ತಮ್ಮ ವಿದ್ಯೆ ಮೆರೆಸಲು ಹೋಗದೆ ರಮಾಮಣಿಯವರ ದನಿಗೆ ಕಿವಿಗೊಟ್ಟು ನುಡಿಸಿದ್ದಾರೆ. ಮೊದಲು ಇದನ್ನೇ ಕೇಳಿ.