ಕ್ಯಾಂಬರ್: ಕೊಟ್ಟ ಡೊಂಕು, ಬಂದ ಡೊಂಕು

ಪ್ರಶ್ನೆ: ನಮ್ಮ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಎಡಗಡೆಯ ಮುಂದಿನ ಟೈರ್ ಒಳಬದಿಯಲ್ಲೇ ಸವೆದಿದೆ. ಅಲೈನ್‌ಮೆಂಟ್ ಅಂಗಡಿಯವರು ‘ಕ್ಯಾಂಬರ್ ಔಟಾಗಿದೆ’ ಎಂದರು. ಅದೇ ವಾರ, ಮನೆ ಕಟ್ಟಿಸುತ್ತಿರುವ ನನ್ನ ತಮ್ಮನಿಗೆ ಸೆಂಟ್ರಿಂಗ್ ಮೇಸ್ತ್ರಿ ‘ಬೀಮಿಗೆ ಸ್ವಲ್ಪ ಕ್ಯಾಂಬರ್ ಕೊಡ್ತೀನಿ’ ಎಂದರಂತೆ. ಒಂದು ಕಡೆ ರೋಗ, ಇನ್ನೊಂದು ಕಡೆ ಮದ್ದು! ಎರಡೂ ಒಂದೇ ಪದವೇ ಸರ್?
— ಓದುಗಿ, ತಿಪಟೂರು

ಉತ್ತರ: ಪದ ಒಂದೇ, ತಾಯಿ. ಹಳೆಯ ಫ್ರೆಂಚಿನಲ್ಲಿ ‘ಬಾಗಿದ’ ಎಂಬರ್ಥವಿದ್ದ ಮಾತು ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಗ್ಯಾರೇಜು, ಸೆಂಟ್ರಿಂಗ್ ಕೆಲಸದವರ ಬಾಯಿಗೆ ಸೇರಿದೆ. ಬಡಗಿಯಾಗಿದ್ದ ನಮ್ಮಪ್ಪನಿಗೆ ಈ ಪದ ಗೊತ್ತಿರಲಿಲ್ಲ, ವಿದ್ಯೆ ಗೊತ್ತಿತ್ತು. ಉಜ್ಜುಗೊರಡಿನ ಅಲಗು ಮಸೆಯುವಾಗ ಎರಡೂ ಮೂಲೆ ಕೂದಲೆಳೆಯಷ್ಟು ತಗ್ಗುವಂತೆ ಮಸೆಯುತ್ತಿದ್ದರು. ಇಲ್ಲದಿದ್ದರೆ ಮೂಲೆ ಕಚ್ಚಿ ಹಲಗೆಯ ಮೇಲೆ ಗೀರು ಬೀಳುತ್ತದೆ. ಅಲಗು ಡೊಂಕಾಯಿತಲ್ಲ ಎಂದು ನಾನು ಕೇಳಿದರೆ, ‘ಇದು ಕೊಟ್ಟ ಡೊಂಕು ಕಣೋ, ಬಂದ ಡೊಂಕಲ್ಲ’ ಎನ್ನುತ್ತಿದ್ದರು. ಮುಂದೆ ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಪಾಠ ಮಾಡಿದ ಮೂವತ್ತು ವರ್ಷವೂ ಕ್ಯಾಂಬರ್ ಬಂದಾಗ ನಾನು ಬೋರ್ಡಿನ ಮೇಲೆ ಮೊದಲು ಬರೆಯುತ್ತಿದ್ದದ್ದು ಅದೇ ಮಾತು.

ಮೊದಲು ನಿಮ್ಮ ಕಾರು. ಎದುರಿಗೆ ನಿಂತು ನೋಡಿ. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಈಗಿನ ಹೆಚ್ಚಿನ ಕಾರುಗಳಿಗೆ ತುಸುವೇ ನೆಗೆಟಿವ್ ಕೊಟ್ಟಿರುತ್ತಾರೆ. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲಿ, ಹೊರಗಡೆಯ ಚಕ್ರವನ್ನೂ ವಾಲಿಸುತ್ತದೆ. ಮೊದಲೇ ಒಳಕ್ಕೆ ಓರೆಯಿದ್ದ ಚಕ್ರ ಆಗ ನೆಲಕ್ಕೆ ಸರಿಯಾಗಿ ಒರಗುತ್ತದೆ. ರೇಸ್ ಕಾರಿಗೆ ಮೂರು ಡಿಗ್ರಿ ಕೊಟ್ಟರೂ ನಡೆಯುತ್ತದೆ, ಅವರಿಗೆ ಟೈರ್ ಸವೆದರೆ ಚಿಂತೆಯಿಲ್ಲ. ನಮಗಿದೆಯಲ್ಲ!

ಒಳಬದಿ ಸವೆದ ಕೂಡಲೇ ಕ್ಯಾಂಬರ್ ಮೇಲೆ ತಪ್ಪು ಹೊರಿಸಬೇಡಿ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತರಿತರಿ ಸಿಕ್ಕರೆ ತೊಂದರೆ ಟೋದು, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂಗು ಒಳಕ್ಕೋ ಹೊರಕ್ಕೋ ತಿರುಗಿರುವುದು. ನುಣ್ಣಗೆ ಒಂದೇ ಕಡೆ ಇಳಿದಿದ್ದರೆ ಕ್ಯಾಂಬರ್ ಇರಬಹುದು. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಇರುವ ಎಷ್ಟೋ ಸಣ್ಣ ಕಾರುಗಳಲ್ಲಿ ಟೋ ಮಾತ್ರ ತಿರುಗಿಸಿ ಕೂರಿಸಬಹುದು, ಕ್ಯಾಂಬರ್ ತಿದ್ದಲು ಏರ್ಪಾಡೇ ಇರುವುದಿಲ್ಲ. ನನಗೇ ಒಂದು ಅಂಗಡಿಯವರು ‘ಕ್ಯಾಂಬರ್ ಸೆಟ್ಟಿಂಗ್’ ಎಂದು ಬಿಲ್ ಹಾಕಿದ್ದರು. ಆ ಕಾರಿನಲ್ಲಿ ಅದಕ್ಕೊಂದು ಬೋಲ್ಟೂ ಇಲ್ಲ! ದುಡ್ಡು ಕೊಡುವ ಮೊದಲು ಕೆಲಸಕ್ಕೆ ಮುಂಚಿನ ಮತ್ತು ಕೆಲಸವಾದ ಮೇಲಿನ ಅಳತೆಯ ಪ್ರಿಂಟ್ ಕೇಳಿ. ಅಳತೆ ನಿಜವಾಗಿ ತಪ್ಪಿದ್ದರೆ ಗುಂಡಿಗೆ ಬಿದ್ದು ಸ್ಟ್ರಟ್ ಬಾಗಿರಬಹುದು, ಇಲ್ಲವೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಕೀಲಿನ ರಬ್ಬರು, ಅಂದರೆ ಲೋಯರ್ ಆರ್ಮ್ ಬುಷ್ ಹೋಗಿರಬಹುದು. ಅದು ಬಂದ ಡೊಂಕು, ಕಾರಣ ಹುಡುಕಬೇಕು.

ಎಡಕ್ಕೆ ಎಳೆಯುವುದರಲ್ಲಿ ರಸ್ತೆಯ ಪಾಲೂ ಇದ್ದೀತು. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡು ಎತ್ತರ, ಅಂಚು ತಗ್ಗು ಇರುತ್ತದೆ. ಅದರ ಹೆಸರೂ ಕ್ಯಾಂಬರ್ರೇ. ಹೆಚ್ಚು ಮಳೆಯ ಸೀಮೆಯಲ್ಲಿ ದಪ್ಪ ಡಾಂಬರು ರಸ್ತೆಗೆ 50ಕ್ಕೆ 1, ಮಣ್ಣಿನ ರಸ್ತೆಗೆ 25ಕ್ಕೆ 1 ಇಳಿಜಾರು. 7 ಮೀಟರ್ ಅಗಲದ ಡಾಂಬರು ರಸ್ತೆಯೆಂದರೆ ನಡು ಅಂಚಿಗಿಂತ 7 ಸೆಂ.ಮೀ. ಮೇಲೆ. ನಾವು ಎಡಗಡೆ ಹೋಗುವವರು, ಕಾರು ತುಸು ಎಡಕ್ಕೆ ಜಾರುವುದು ಸಹಜ. ಮಟ್ಟಸವಾದ ಮೈದಾನದಲ್ಲಿ ಓಡಿಸಿ ನೋಡಿ, ಅಲ್ಲೂ ಎಳೆದರೆ ಕಾರಿನದೇ ದೋಷ.

ನಿಮ್ಮ ತಮ್ಮನ ಮೇಸ್ತ್ರಿ ಹೇಳಿದ್ದು ಸರಿ. ಕಾಂಕ್ರೀಟು ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಹಾಗಾಗಿ ಸೆಂಟ್ರಿಂಗ್‌ನ ನಡುವನ್ನೇ ಮೊದಲು ಎತ್ತಿ ಕಟ್ಟುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಲ್ಲಿ ಬೀಮು, ಸ್ಲ್ಯಾಬಿಗೆ ಮೀಟರಿಗೆ 4 ಮಿ.ಮೀ., ಹೊರಚಾಚಿದ ಸಜ್ಜದಂಥದ್ದರ ತುದಿಗೆ ಮೀಟರಿಗೆ 20 ಮಿ.ಮೀ. ಅಂದರೆ 6 ಮೀಟರ್ ಬೀಮಿನ ನಡು 24 ಮಿ.ಮೀ. ಮೇಲಿರಬೇಕು. ‘ಸ್ವಲ್ಪ’ ಎಂದರೆ ಎಷ್ಟು ಎಂದು ಮೇಸ್ತ್ರಿಯನ್ನು ಕೇಳಿ, ಕಾಂಕ್ರೀಟ್ ಹಾಕುವ ಮೊದಲೇ ದಾರ ಎಳೆದು ಅಳೆಯಲು ತಮ್ಮನಿಗೆ ಹೇಳಿ. ಆಮೇಲೆ ಅಳೆದು ಪ್ರಯೋಜನವಿಲ್ಲ.

ವಿಮಾನದ ರೆಕ್ಕೆಯಲ್ಲೂ ಇದೇ ಮಾತಿದೆ. ಸೆಸ್ನಾ 172 ಎಂಬ ಪುಟ್ಟ ವಿಮಾನದ ರೆಕ್ಕೆಯ ಆಕಾರಕ್ಕೆ ನಾಕಾ 2412 ಎಂದು ಹೆಸರು (ನಾಕಾ ಎಂದರೆ ಅಮೆರಿಕದ ಹಳೆಯ ವಿಮಾನ ಸಂಶೋಧನಾ ಸಮಿತಿ). ಮೊದಲ 2 ಎಂದರೆ ರೆಕ್ಕೆಯ ಅಗಲದ ನೂರರಲ್ಲಿ 2 ಪಾಲು ಬಾಗು. ಅದರ ಮುಂದಿನ 4, ಆ ಬಾಗು ಮುಂದಿನ ಅಂಚಿನಿಂದ ನೂರಕ್ಕೆ 40 ಪಾಲು ದೂರದಲ್ಲಿದೆ ಎನ್ನುತ್ತದೆ. ಕೊನೆಯ 12 ದಪ್ಪದ ಲೆಕ್ಕ.

ಪ್ರಶ್ನೆ: ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುವವರ ಕುರ್ಚಿಯ ಚಕ್ರ ಮುರಿದುಬಿದ್ದಂತೆ ಓರೆಯಾಗಿರುತ್ತದೆ, ಏಕೆ? ನಮ್ಮೂರಿನ ಹಾಕಿ ಸ್ಟಿಕ್ಕಿನ ಬಾಗೂ ಕ್ಯಾಂಬರೇ?
— ಓದುಗ, ವಿರಾಜಪೇಟೆ

ಉತ್ತರ: ಕುರ್ಚಿಗೆ 15ರಿಂದ 20 ಡಿಗ್ರಿಯವರೆಗೂ ಕೊಡುತ್ತಾರೆ. ಬುಡ ಅಗಲವಾಗಿ ಕುರ್ಚಿ ಸುಲಭಕ್ಕೆ ಪಕ್ಕಕ್ಕೆ ಮಗುಚುವುದಿಲ್ಲ, ಗಕ್ಕನೆ ತಿರುಗುತ್ತದೆ. ಎರಡು ಕುರ್ಚಿ ಡಿಕ್ಕಿಯಾದರೆ ಚಕ್ರದ ಬುಡಗಳು ತಾಗುತ್ತವೆ, ಮೇಲೆ ಹಿಡಿದ ಬೆರಳು ಉಳಿಯುತ್ತದೆ. ದಿನಬಳಕೆಯ ಕುರ್ಚಿಗೆ ಇಷ್ಟು ಕೊಟ್ಟರೆ ಬಾಗಿಲಲ್ಲಿ ಹಿಡಿಸುವುದಿಲ್ಲ.

ಹಾಕಿಯವರು ಅದನ್ನು ‘ಬೋ’ ಎನ್ನುತ್ತಾರೆ, ಸಂಬಂಧಿಕ ಎನ್ನಿ. ಅಂತರರಾಷ್ಟ್ರೀಯ ನಿಯಮದಂತೆ 25 ಮಿ.ಮೀ.ಗಿಂತ ಹೆಚ್ಚಿರಕೂಡದು. ಸ್ಟಿಕ್ಕನ್ನು ಮೇಜಿನ ಮೇಲೆ ಮಲಗಿಸಿ ಕೆಳಗಿನ ಸಂದು ಅಳೆಯುತ್ತಾರೆ. ಬಾಗು ಬುಡದ ಕಡೆಗಿದ್ದರೆ ಡ್ರ್ಯಾಗ್ ಫ್ಲಿಕ್‌ನವರಿಗೆ, ಅಂದರೆ ಚೆಂಡನ್ನು ಎಳೆದು ಗೋಲಿನತ್ತ ಚಿಮ್ಮಿಸುವವರಿಗೆ, ಚೆಂಡು ಎಳೆದೊಯ್ಯಲು ಸಲೀಸು. ಮಕ್ಕಳಿಗೆ ಅಂಥದ್ದು ಕೊಡಿಸುವುದು ನನಗೆ ಒಪ್ಪಿಗೆಯಿಲ್ಲ, ಮೊದಲು ನೇರ ಹೊಡೆತ ಕಲಿಯಲಿ.

ಪ್ರಶ್ನೆ: ಗ್ರಿಲ್ ಕೆಲಸಕ್ಕೆ ತಂದ ಕಬ್ಬಿಣದ ಪಟ್ಟಿ ಅಂಚಿನಲ್ಲಿ ಬಿಲ್ಲಿನಂತೆ ಬಾಗಿದೆ. ಮಾರಿದವರು ‘ಕ್ಯಾಂಬರ್ ಇದ್ದದ್ದೇ’ ಎನ್ನುತ್ತಾರೆ.
— ಓದುಗ, ಹುಬ್ಬಳ್ಳಿ

ಉತ್ತರ: ಇದು ಅಪ್ಪಟ ಬಂದ ಡೊಂಕು. ರೋಲಿಂಗ್‌ನಲ್ಲಿ ಒಂದು ಬದಿ ಹೆಚ್ಚು ಒತ್ತಿ ಉದ್ದವಾದರೆ ಪಟ್ಟಿ ಇನ್ನೊಂದು ಬದಿಗೆ ಬಾಗುತ್ತದೆ. ಒಳಬಾಗಿದ ಅಂಚಿಗೆ ತುದಿಯಿಂದ ತುದಿಗೆ ದಾರ ಬಿಗಿದು ನಡುವಿನ ಸಂದು ಅಳೆಯಿರಿ. ಸುತ್ತಿಗೆ ಎತ್ತಬೇಡಿ. ಉದ್ದ ಅರ್ಧವಾದರೆ ಬಾಗು ಕಾಲುಭಾಗಕ್ಕೆ ಇಳಿಯುತ್ತದೆ: 2 ಮೀಟರಿಗೆ 4 ಮಿ.ಮೀ. ಇದ್ದದ್ದು 1 ಮೀಟರ್ ತುಂಡಿನಲ್ಲಿ 1 ಮಿ.ಮೀ. ಗೇಟಿನ ಉದ್ದ ಪಟ್ಟಿಗೆ ಬೇಡ, ಕಿಟಕಿಯ ತುಂಡುಗಳಿಗೆ ಧಾರಾಳವಾಗಿ ಕತ್ತರಿಸಿಕೊಳ್ಳಿ.