ಸೋಫಾಕ್ಕೆ ಬೂಷ್ಟು ಹಿಡಿದರೆ

ಪ್ರಶ್ನೆ: ಅಪ್ಪ ಕೂರುತ್ತಿದ್ದ ಚರ್ಮದ ಸೋಫಾಕ್ಕೆ ಈ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿದಿದೆ. ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಡಲೇ?
– ಗೃಹಿಣಿ, ಸಾಗರ

ಉತ್ತರ: ಎರಡೂ ಬೇಡಮ್ಮಾ. ಎಣ್ಣೆ ಒಳಗಿಳಿದು ಚರ್ಮ ಕಪ್ಪಾಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. 20 ವರ್ಷದಿಂದ ಚರ್ಮದ ಸೋಫಾ ಸರಿಮಾಡುವುದೇ ನನ್ನ ಕೆಲಸ. ಎಣ್ಣೆ ಕುಡಿದ ಸೋಫಾ ನೋಡಿದರೆ ಈಗಲೂ ಸಂಕಟವಾಗುತ್ತದೆ.

ಸೋಫಾವನ್ನು ಜಗಲಿಗೆ ತಂದು ಒಣಬಟ್ಟೆಯಲ್ಲಿ ಒರೆಸಿ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ (ಶುಚಿ ಮಾಡಲು ಬಳಸುವ, ಬೇಗ ಆರುವ ಸ್ಪಿರಿಟ್) ಅಷ್ಟೇ ನೀರು ಬೆರೆಸಿ, ಮೊದಲು ಹಿಂಬದಿಯಲ್ಲಿ ರೂಪಾಯಿ ಅಗಲದಷ್ಟು ಜಾಗಕ್ಕೆ ಹಚ್ಚಿ ನೋಡಿ. ಬಟ್ಟೆಗೆ ಬಣ್ಣ ಬಂತಾ? ಅಲ್ಲಿಗೇ ನಿಲ್ಲಿಸಿ, ಕೆಲಸ ಬಲ್ಲವರನ್ನು ಕರೆಸಿ. ಬರಲಿಲ್ಲವೆಂದರೆ ಬಟ್ಟೆ ಚೆನ್ನಾಗಿ ಹಿಂಡಿ, ಪೂರ್ತಿ ಒರೆಸಿ. ಹೊಲಿಗೆಯ ಸಂದಿ ಬಿಡಬೇಡಿ, ಬೂಷ್ಟು ಜಾಸ್ತಿ ಅಡಗುವುದೇ ಅಲ್ಲಿ. ನೆರಳಲ್ಲೇ ಫ್ಯಾನ್ ಗಾಳಿಗೆ ಒಣಗಲಿ. ಆಮೇಲೆ ಗೋಡೆಯಿಂದ ಒಂದು ಗೇಣು ಆಚೆ ಇಡಿ.

ಕೈ ಇಡುವ ಕಡೆ ಅಪ್ಪನ ಕೈ ತಾಗಿ ತಾಗಿ ಬಂದ ಹೊಳಪು ಇರುತ್ತದಲ್ವಾ, ಅದನ್ನು ಮಾತ್ರ ಉಜ್ಜಬೇಡಿ.